ಉತ್ತರದ ಬೆಳಕನ್ನು ನೋಡಹೊರಟವರಿಗೆ

ಯಡ್ತರೆಯ ವಾಚಕರೊಬ್ಬರು ಈ ತಿಂಗಳು ನಮಗೊಂದು ಪ್ರಶ್ನೆಯನ್ನು ಕಳುಹಿಸಿರುವರು. ಅವರ ಮಗನು ಫಿನ್ಲೆಂಡ್ ದೇಶದಲ್ಲಿ ಉದ್ಯೋಗದಲ್ಲಿರುವನು. ಬರುವ ಚಳಿಗಾಲದಲ್ಲಿ ತಾಯಿತಂದೆಗಳು ತನ್ನಲ್ಲಿಗೆ ಬರಬೇಕು, ಉತ್ತರದ ಲಾಪ್‌ಲೆಂಡಿನ ಕಾಡಿನೊಳಗಿನ ವಸತಿಗೃಹವೊಂದರಲ್ಲಿ ತಂಗಿ, ಆಕಾಶದಲ್ಲಿ ಆಡುವ ಧ್ರುವಪ್ರಭೆಯನ್ನು ಕಣ್ಣಾರೆ ನೋಡಬೇಕು ಎಂಬುದು ಅವನ ಹಟ. ತಂದೆಯವರಿಗೆ ಹೋಗುವ ಮನಸ್ಸು ಬಹಳ. ಆದರೆ ಮಗನ ಮೇಲೆ ಭಾರ ಹೊರಿಸಲೊಲ್ಲದೆ, ಮನೆಯ ಮಾಡನ್ನು ಹೊಸದು ಮಾಡಿಸಲು ಕೂಡಿಟ್ಟ ಹಣವನ್ನೇ ಇದಕ್ಕೆ ತೆಗೆಯಬೇಕೆಂದಿರುವರು. ತಾಯಿಯವರಿಗೆ ಮೊಣಕಾಲುನೋವು. “ಆಕಾಶದ ಬಣ್ಣ ನೋಡುವದಕ್ಕೆ ಒತ್ತಿನೆಣೆಗೆ ಹೋದರೆ ಸಾಲದೆ?” ಎಂದು ಅವರು ಕೇಳುತ್ತಾರಂತೆ. ಹೋಗುವದು ಸರಿಯೇ, ಹೋದರೆ ಏನು ಸಿಕ್ಕೀತು ಎಂಬುದೇ ಪ್ರಶ್ನೆ. ಇಂತಹ ಪ್ರಶ್ನೆಯು ಇಂದು ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಏಳುತ್ತಿರುವದರಿಂದ ಇಲ್ಲಿಯೇ ಉತ್ತರಿಸುವೆವು.

ಮೊದಲು ಗೃಹಿಣಿಯವರ ಮಾತು. ಒತ್ತಿನೆಣೆಯ ಗುಡ್ಡದ ಅಂಚಿನಲ್ಲಿ ನಿಂತು ನೋಡಿದ ಸೂರ್ಯಾಸ್ತಕ್ಕೆ ಸಮನಾದ ನೋಟವು ಲೋಕದಲ್ಲಿ ಹೆಚ್ಚಾಗಿಲ್ಲವೆಂಬುದು ನಮಗೂ ಒಪ್ಪಿಗೆ. ಆದರೆ ಎರಡೂ ಬೇರೆ ಬೇರೆ ವಸ್ತುಗಳು. ಸಂಜೆಯ ಕೆಂಪು ಸೂರ್ಯನ ಬೆಳಕೇ ಗಾಳಿಯಲ್ಲಿ ಚೆದರಿದುದು. ಧ್ರುವಪ್ರಭೆಯಾದರೋ ಗಾಳಿ ತಾನೇ ಬೆಳಗುವದು. ಸೂರ್ಯನಿಂದ ವಿದ್ಯುತ್ಕಣಗಳ ಪ್ರವಾಹವೊಂದು ಸದಾ ಹೊರಹೊಮ್ಮುತ್ತಿದೆ; ಸೂರ್ಯನಲ್ಲಿ ದೊಡ್ಡ ಸ್ಫೋಟವಾದಾಗ ಅದು ಒಂದು ದಿನದಿಂದ ಮೂರು ದಿನಗಳೊಳಗೆ ಭೂಮಿಯನ್ನು ಬಂದು ತಾಕುವದು. ಭೂಮಿಯು ಒಂದು ದೊಡ್ಡ ಅಯಸ್ಕಾಂತವಷ್ಟೆ. ಅದರ ಕಾಂತರೇಖೆಗಳ ಹಾದಿ ಹಿಡಿದು ಕಣಗಳು ಧ್ರುವಗಳ ಸುತ್ತಣ ಪ್ರದೇಶದಲ್ಲಿ ಕೆಳಗಿಳಿದು, ಮೇಲಣ ವಿರಳವಾದ ಗಾಳಿಗೆ ಬಡಿಯುವವು. ಸುಮಾರು 100 ರಿಂದ 150 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕವು ಹಸುರಾಗಿಯೂ, 200 ಕಿಲೋಮೀಟರಿಗಿಂತ ಮೇಲೆ ಅದೇ ಆಮ್ಲಜನಕವು ಕೆಂಪಾಗಿಯೂ, ಕೆಳಗಿನ ಅಂಚಿನಲ್ಲಿ ಸಾರಜನಕವು ನೇರಳೆಯಾಗಿಯೂ ಹೊಳೆಯುವದು.

ನಮ್ಮಲ್ಲಿ ಇದೇಕಿಲ್ಲ? ಕಾಂತದ ಸಮಭಾಜಕ ರೇಖೆಯು ಭಾರತದ ದಕ್ಷಿಣ ತುದಿಯ ಬಳಿಯಲ್ಲಿ ಹಾಯುವದರಿಂದ ಯಡ್ತರೆಯ ಮೇಲೆ ಕಾಂತರೇಖೆಗಳು ಬಹುಮಟ್ಟಿಗೆ ನೆಲಕ್ಕೆ ಸಮಾಂತರವಾಗಿ ಚಾಚಿಕೊಂಡಿವೆ. ಕಣಗಳಿಗೆ ಕೆಳಗಿಳಿಯಲು ಹಾದಿಯೇ ಇಲ್ಲ. ಭಾರತದ ಉತ್ತರ ತುದಿಯಲ್ಲಿ ಮಾತ್ರ ಅಪೂರ್ವವಾಗಿ ಒಂದಿಷ್ಟು ಕಂಡುದುಂಟು. 2024 ರ ಮೇ 10 ಮತ್ತು 11 ರ ನಡುವಣ ರಾತ್ರಿ ಮಹಾ ಕಾಂತಕ್ಷೋಭೆಯೊಂದು ಉಂಟಾದಾಗ ಲಡಾಖಿನ ಹಾನ್ಲೆಯಲ್ಲಿ, ದಿಗಂತದ ಬಳಿ ಕೆಂಪು ಬೆಳಕು ಕ್ಯಾಮರಾಗಳಲ್ಲಿ ಮೂಡಿತು. ಅಲ್ಲಿನ ವೀಕ್ಷಣಾಲಯವು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದುದು. ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅದರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ನಡೆಯಿಸುವರು. ಹಾನ್ಲೆಯಲ್ಲಿ ಬರಿಯ ಕೆಂಪು ಕಂಡುದೇಕೆಂದರೆ, ಬಹುದೂರದ ಉತ್ತರದಲ್ಲಿ ಎದ್ದ ಪರದೆಯ ನೆತ್ತಿ ಮಾತ್ರ ಅಲ್ಲಿಗೆ ಗೋಚರಿಸುವದು. ಹಸುರಿನ ಸೆರಗು ಭೂಮಿಯ ಬಾಗಿನ ಹಿಂದೆ ಮರೆಯಾಗಿರುವದು.

ಇನ್ನು ಒಂದು ಮಾತನ್ನು ಪ್ರವಾಸದ ಕಂಪೆನಿಗಳವರು ಸಾಮಾನ್ಯವಾಗಿ ಹೇಳುವದಿಲ್ಲ. ಚಿತ್ರಗಳಲ್ಲಿ ಕಾಣುವ ಗಾಢವಾದ ಹಸುರು ಬಹುಪಾಲು ಕ್ಯಾಮರಾದ ಕಣ್ಣಿನದು. ಅದು ಹಲವು ಕ್ಷಣಗಳ ಬೆಳಕನ್ನು ಕೂಡಿಹಾಕಿ ಒಂದು ಚಿತ್ರ ಮಾಡುವದು. ಮಂದವಾದ ಬೆಳಕಿನಲ್ಲಿ ಮನುಷ್ಯನ ಕಣ್ಣಿಗೆ ಬಣ್ಣ ತಿಳಿಯುವ ಶಕ್ತಿ ಕಡಿಮೆ. ಆದುದರಿಂದ ದುರ್ಬಲವಾದ ಧ್ರುವಪ್ರಭೆಯು ಬೂದುಬಣ್ಣದ ಮೋಡದ ಎಳೆಯಂತೆ ತೋರುವದು, ನೋಡಿದವರು ಅದನ್ನು ಮೋಡವೆಂದೇ ತಿಳಿದು ಒಳಗೆ ಹೋಗಿ ಮಲಗುವದೂ ಉಂಟು. ಪ್ರಬಲವಾಗಿ ಎದ್ದ ರಾತ್ರಿಯಾದರೆ ಬರಿಗಣ್ಣಿಗೂ ಹಸುರು ನಿಶ್ಚಯ. ಆಗ ಅದರ ಚಲನೆಯೇ ಮುಖ್ಯ. ಯಾವ ಚಿತ್ರದಲ್ಲಿಯೂ ಆ ಚಲನೆ ಬಾರದು. ಫಿನ್ನರು ಇದನ್ನು ‘ನರಿಯ ಬೆಂಕಿ’ ಎಂದು ಕರೆಯುವರು. ಆ ನಾಡಿನ ಮೂಲನಿವಾಸಿಗಳಾದ ಸಾಮಿ ಜನರು ಈ ಬೆಳಕಿನ ಕೆಳಗೆ ಸಿಳ್ಳು ಹಾಕಬಾರದೆಂದು ಮಕ್ಕಳಿಗೆ ಹೇಳುತ್ತಿದ್ದರು. ರಾತ್ರಿ ಸಿಳ್ಳು ಹಾಕಿದರೆ ಹಾವು ಬರುವದೆಂದು ನಮ್ಮ ಅಜ್ಜಿಯರು ಗದರಿಸುತ್ತಿದ್ದುದು ಇಲ್ಲಿ ನೆನಪಾಗುವದು.

ಬೆಳಕು ರಾತ್ರಿಯದು, ಹಗಲು ಮಾಡುವದೇನು? ಇನಾರಿಯ ಸುತ್ತಿನಲ್ಲಿ ಡಿಸೆಂಬರ್ ಮೊದಲಿನಿಂದ ಜನವರಿಯ ಎರಡನೆಯ ವಾರದವರೆಗೆ ಸೂರ್ಯನು ಹುಟ್ಟುವದೇ ಇಲ್ಲ. ಮಧ್ಯಾಹ್ನಕ್ಕೆ ಕೆಲವು ತಾಸು ನೀಲಿಯ ಮುಸುಕುಬೆಳಕು, ಮತ್ತೆ ಕತ್ತಲು. ನಮ್ಮ ಊರಿನ ಅತಿ ಚಿಕ್ಕ ಹಗಲೂ ಹನ್ನೊಂದು ತಾಸಿಗೆ ಮೀರಿದುದು. ಅದಕ್ಕೆ ಒಗ್ಗಿದ ದೇಹಕ್ಕೆ ಇದು ಮೊದಲು ದಿಕ್ಕು ತಪ್ಪಿಸುವದು. ನಾಯಿಗಳು ಎಳೆಯುವ ಜಾರುಬಂಡಿಯು ವೇಗವಾದುದು, ಕುಲುಕಾಟ ಹೆಚ್ಚು. ಮೊಣಕಾಲುನೋವಿನವರಿಗೆ ಅದು ಬೇಡ. ಹಿಮಸಾರಂಗದ ಬಂಡಿಯು ನಮ್ಮ ಎತ್ತಿನಗಾಡಿಯಂತೆ ನಿಧಾನ. ಚರ್ಮವನ್ನು ಹೊದೆದು ಸುಮ್ಮನೆ ಕುಳಿತರಾಯಿತು. (ಕಾಡಿನಲ್ಲಿ ಅಲೆಯುವ ಆ ಸಾರಂಗಗಳಿಗೆಲ್ಲ ಒಡೆಯರುಂಟು, ಕಿವಿಯನ್ನು ಕತ್ತರಿಸಿದ ರೀತಿಯಿಂದ ಯಾರದೆಂದು ಗುರುತಿಸುವರು.) ಹೆಪ್ಪುಗಟ್ಟಿದ ಸರೋವರದಲ್ಲಿ ತೂತು ಕೊರೆದು, ಗೇಣುದ್ದದ ಕೋಲಿನಿಂದ ಗಾಳ ಹಾಕುವದನ್ನು ನಮ್ಮ ಹೊಳೆಬದಿಯವರಿಗೆ ಹೊಸದಾಗಿ ಕಲಿಸಬೇಕಿಲ್ಲ. ಸೌನಾ ಎಂಬ ಬಿಸಿಹಬೆಯ ಮರದ ಕೋಣೆಯು ಪ್ರತಿ ವಸತಿಗೃಹದಲ್ಲಿಯೂ ಇರುವದೆನ್ನಬಹುದು. ನರಕಚತುರ್ದಶಿಯ ಎಣ್ಣೆಸ್ನಾನದ ಸುಖ ಬಲ್ಲವರಿಗೆ ಅದು ಹಿಡಿಸೀತು. ರಕ್ತದೊತ್ತಡದವರು ವೈದ್ಯರನ್ನು ಕೇಳಿ ಒಳಹೋಗಲಿ, ಅಲ್ಲಿಂದ ಹಿಮದ ನೀರಿಗೆ ಹಾರುವ ಸಾಹಸವನ್ನು ಮಾತ್ರ ಎಂದಿಗೂ ಮಾಡದಿರಲಿ.

ಕನ್ನಡನಾಡಿಗೂ ಆ ಕತ್ತಲೆಗೂ ಸಂಬಂಧವೇ ಇಲ್ಲವೆಂದು ತಿಳಿಯಬಾರದು. ಸ್ವಾಲ್ಬಾರ್ಡ್ ದ್ವೀಪದಲ್ಲಿ, 79 ಅಂಶದ ಉತ್ತರ ಅಕ್ಷಾಂಶದ ಬಳಿ, ‘ಹಿಮಾದ್ರಿ’ ಎಂಬ ಭಾರತದ ಸಂಶೋಧನಾಲಯವು 2008 ರಲ್ಲಿ ತೆರೆಯಿತು. 2023 ರ ಡಿಸೆಂಬರದಲ್ಲಿ ನಮ್ಮ ದೇಶದ ಮೊದಲ ಚಳಿಗಾಲದ ತಂಡವು ಅಲ್ಲಿಗೆ ಹೋದಾಗ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಅವರು ಹೋದುದು ಬೆಳಕನ್ನು ನೋಡಲಿಕ್ಕಲ್ಲ. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಅತಿಕ್ಷೀಣ ರೇಡಿಯೋ ಅಲೆಗಳನ್ನು ಹಿಡಿಯುವಷ್ಟು ನಿಶ್ಶಬ್ದವು ಅಲ್ಲಿದೆಯೇ ಎಂದು ಅಳೆಯಲಿಕ್ಕೆ. ಆ ಊರಿನಲ್ಲಿ ಮಧ್ಯಾಹ್ನದ ಹೊತ್ತಿಗೂ ಕತ್ತಲಿರುವದರಿಂದ ಹಗಲಿನ ಧ್ರುವಪ್ರಭೆಯೂ ಕಾಣುವದು; ಲೋಕದಲ್ಲಿ ಅಂತಹ ಎಡೆಗಳು ಕೆಲವೇ.

ಈಗ ನಮ್ಮ ಅಭಿಪ್ರಾಯ. ಬೆಳಕಿಗಾಗಿಯೇ ಮಾಡಿನ ಹಣವನ್ನು ತೆಗೆಯುವದು ಬೇಡ. ಮೋಡ ಕವಿದರೆ ನಾಲ್ಕು ರಾತ್ರಿಯೂ ಬರಿದೇ ಹೋಗಬಹುದು, ಯಾರೂ ಹೊಣೆಯಲ್ಲ. ಮಳೆಗಾಲವಾದರೋ ತಪ್ಪದೆ ಬರುವದು. ಆದರೆ ಮಗನನ್ನು ನೋಡಲು ಹೋಗುವದಾದರೆ, ಅವನು ಕೊಡುವ ಖರ್ಚನ್ನು ಸಂಕೋಚವಿಲ್ಲದೆ ತೆಗೆದುಕೊಂಡು ಹೋಗತಕ್ಕದ್ದು. ಕರೆಯುವ ಮಗನಿಗೆ ತಾನು ಬದುಕುವ ಚಳಿಯನ್ನು, ಕತ್ತಲನ್ನು ತಾಯಿತಂದೆಗಳು ಒಮ್ಮೆ ಕಂಡರೆ ಸಾಕೆಂದಿರಬಹುದು. ಅದಕ್ಕೆ ಬೆಲೆ ಕೊಡುವ ಅವಕಾಶವನ್ನು ಅವನಿಂದ ಕಸಿಯಬಾರದು. ತಾಯಿಯವರನ್ನು ಬಿಟ್ಟು ತಂದೆಯವರೊಬ್ಬರೇ ಹೋಗುವದು ನಮಗೆ ಸಮ್ಮತವಲ್ಲ. ಹೊರಡುವದು ಡಿಸೆಂಬರಕ್ಕೆ ಬದಲು ಮಾರ್ಚಿನಲ್ಲಾಗಲಿ. ಆಗ ಹಗಲೂ ರಾತ್ರಿಯೂ ಸಮ, ಹಿಮವಿನ್ನೂ ಕರಗಿರದು, ಚಳಿಯ ಉಗ್ರತೆ ತಗ್ಗಿರುವದು; ಸಮರಾತ್ರಿಯ ಸುತ್ತಣ ವಾರಗಳಲ್ಲಿ ಕಾಂತಕ್ಷೋಭೆಗಳೂ ಹೆಚ್ಚೆಂದು ಬಹುಕಾಲದ ಲೆಕ್ಕಗಳು ತೋರಿಸಿವೆ. ನಡುಚಳಿಗಾಲದ ಲಾಪ್‌ಲೆಂಡ್ ಹುಡುಗಾಟವಲ್ಲ: 1999 ರ ಜನವರಿ 28 ರಂದು ಕಿಟ್ಟಿಲಾ ಪ್ರಾಂತದ ಪೋಕಾದಲ್ಲಿ ಉಷ್ಣತೆಯು ಸೊನ್ನೆಗಿಂತ 51.5 ಸೆಂಟಿಗ್ರೇಡ್ ಕೆಳಗಿಳಿದಿತ್ತು.

ಹೊರಡುವ ಮೊದಲು ಒಂದು ರಾತ್ರಿ ಸೋಮೇಶ್ವರದ ಕಡಲತಡಿಗೆ ಹೋಗಿ ಧ್ರುವನಕ್ಷತ್ರವನ್ನು ಗುರುತಿಸಿಕೊಳ್ಳಿರಿ. ಯಡ್ತರೆಯಲ್ಲಿ ಅದು ದಿಗಂತದಿಂದ ಸುಮಾರು 14 ಅಂಶ, ಎಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಮೇಲಿರುವದು. ಇನಾರಿಯಲ್ಲಿ ಅದೇ ನಕ್ಷತ್ರ 69 ಅಂಶಕ್ಕೇರಿ ಕತ್ತು ನೋಯುವಷ್ಟು ಮೇಲೆ ನಿಂತಿರುವದು. ಕತ್ತಲೆಗೆ ಕಣ್ಣು ಪಳಗಲು ಅರ್ಧ ತಾಸು ಬೇಕೆಂಬುದೂ ಅಲ್ಲಿಯೇ ತಿಳಿದೀತು. ನಡುವೆ ಒಮ್ಮೆ ಮೊಬೈಲನ್ನು ತೆರೆದರೆ ಮೊದಲಿನಿಂದ ಕಾಯಬೇಕು.

ಬಟ್ಟೆಯ ವಿಷಯದಲ್ಲಿ ನಮ್ಮ ಕರಾವಳಿಯ ಅಭ್ಯಾಸವನ್ನು ಬಿಡಬೇಕಾಗುವದು. ಮೈಗೆ ತಾಕುವ ಬಟ್ಟೆ ಹತ್ತಿಯದಾಗಬಾರದು. ಬೆವರು ಹೀರಿದ ಹತ್ತಿಯು ಚಳಿಯಲ್ಲಿ ಮೈಯ ಶಾಖವನ್ನೆಲ್ಲ ಎಳೆಯುವದು. ಒಳಗೆ ಉಣ್ಣೆ, ನಡುವೆ ಇನ್ನೊಂದು ಉಣ್ಣೆ, ಹೊರಗೆ ಗಾಳಿ ತಡೆಯುವದೊಂದು. ಹೊರಗಿನದನ್ನು ವಸತಿಗೃಹದವರು ಬಾಡಿಗೆಗೆ ಕೊಡುವದುಂಟು, ಕೊಂಡು ಹಣ ಹಾಳುಮಾಡಬೇಡಿರಿ. ತಾಯಿಯವರ ಬೂಟಿಗೆ ಕಟ್ಟುವ ಉಕ್ಕಿನ ಹಲ್ಲುಪಟ್ಟಿಯನ್ನು ಮಾತ್ರ ಮರೆಯದೆ ಕೊಳ್ಳತಕ್ಕದ್ದು. ಅಲ್ಲಿ ಮುದುಕರನ್ನು ಕೆಡಹುವದು ಚಳಿಗಿಂತ ಹೆಚ್ಚಾಗಿ ಜಾರುವ ನೆಲ. ಅನೇಕ ವಸತಿಗೃಹಗಳಲ್ಲಿ ಬೆಳಕು ಎದ್ದೊಡನೆ ಕೋಣೆಯೊಳಗೆ ಗಂಟೆ ಬಾರಿಸಿ ಎಬ್ಬಿಸುವ ಏರ್ಪಾಡಿದೆ. ಬೆಳಕು ಕೆಲವೊಮ್ಮೆ ಹತ್ತು ನಿಮಿಷವೂ ನಿಲ್ಲದು, ಇಷ್ಟು ಬಟ್ಟೆ ತೊಡಲು ಹದಿನೈದು ನಿಮಿಷ ಬೇಕು; ಆದುದರಿಂದ ತೊಡುವ ಕ್ರಮದಲ್ಲಿಯೇ ಅವನ್ನು ಮಂಚದ ಬಳಿ ಜೋಡಿಸಿಟ್ಟು, ಒಳಗಿನ ಉಣ್ಣೆಯನ್ನು ಮೈಮೇಲೆಯೇ ಇಟ್ಟುಕೊಂಡು ಮಲಗತಕ್ಕದ್ದು.