ಭಯಾನಕರಸವೂ ಹಸ್ತಾಕ್ಷರದ ಬೆಲೆಯೂ

ನಮ್ಮ ಸಂಘದ ಕಳೆದ ಮಾಸದ ಗೋಷ್ಠಿಯಲ್ಲಿ, ನಾನು ಅಮೆರಿಕದಲ್ಲಿ ಕಂಡುಬಂದ ಭಯಾನಕ ಚಲಚ್ಚಿತ್ರಾಭಿಮಾನಿಗಳ ಸಮ್ಮೇಳನವೊಂದರ ಪ್ರಸ್ತಾಪವನ್ನು ಮಾಡಲಾಗಿ, ಪಂಡಿತಮಿತ್ರರೊಬ್ಬರು ಎರಡು ಆಕ್ಷೇಪಗಳನ್ನೆತ್ತಿದರು. ಹೆಣ ತಿನ್ನುವ ಪ್ರೇತಗಳ ಕಥೆಗೆ ಮರುಳಾಗುವುದು ರಸಿಕತೆಯಲ್ಲ, ಅಭಿರುಚಿಯ ಅಧಃಪತನವೆಂಬುದು ಮೊದಲನೆಯದು. ಹಣ ತೆಗೆದುಕೊಂಡು ಹಸ್ತಾಕ್ಷರ ಹಾಕಿಕೊಡುವ ನಟರು ಕಲೆಯನ್ನು ಸಂತೆಗಿಳಿಸಿದವರೆಂಬುದು ಎರಡನೆಯದು. ಸಭೆಯಲ್ಲಿ ಹಲವರು ತಲೆದೂಗಿದರು. ಅಂದು ವೇಳೆ ಸಾಲದೆ ಸುಮ್ಮನಿದ್ದೆ. ಆ ಮೌನವನ್ನು ಯಾರೂ ಸಮ್ಮತಿಯೆಂದು ತಿಳಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಭಯಾನಕ, ಬೀಭತ್ಸಗಳೆರಡೂ ಸೇರಿವೆ. ಮಿತ್ರರೂ ನಾನೂ ಪಾಠಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕುಳಿತು ಭವಭೂತಿಯ ಮಾಲತೀಮಾಧವವನ್ನು ಓದಿದವರು. ಅದರ ಐದನೆಯ ಅಂಕದಲ್ಲಿ ಮಾಧವನು ರಾತ್ರಿ ಸ್ಮಶಾನದಲ್ಲಿ ನಿಂತು, ನರಮಾಂಸವನ್ನು ಮಾರುತ್ತೇನೆ, ಕೊಳ್ಳಿರಿ ಎಂದು ಪಿಶಾಚಗಳನ್ನು ಕೂಗಿ ಕರೆಯುತ್ತಾನೆ. ಅವು ಶವವನ್ನು ಸುಲಿದು ತಿನ್ನುವ ಬಗೆಯನ್ನು ಕವಿಯು ಕರುಳು ಎಲುಬುಗಳನ್ನೂ ಬಿಡದೆ ವರ್ಣಿಸಿದ್ದಾನೆ. ವೇಣೀಸಂಹಾರದ ಮೂರನೆಯ ಅಂಕದ ಪ್ರವೇಶಕದಲ್ಲಿ ರಾಕ್ಷಸದಂಪತಿಗಳು ರಣರಂಗದ ನೆತ್ತರನ್ನು ಕುಡಿಯುವುದನ್ನು ಮರೆತೆವೇ? ಇವನ್ನೆಲ್ಲ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾದ ನಾವು ಪೆನ್ಸಿಲ್ವೇನಿಯಾದ ಪ್ರೇತಗಳನ್ನು ಕಂಡು ಮೂಗು ಮುಚ್ಚಿಕೊಳ್ಳುವುದಾದರೆ, ಅದು ಅಭಿರುಚಿಯಲ್ಲ, ಮಡಿ.

ಎರಡನೆಯ ಆಕ್ಷೇಪವೇ ನನ್ನನ್ನು ನೋಯಿಸಿದ್ದು. ಆ ಪ್ರಾಂತದಲ್ಲಿ ನೆಲಸಿರುವ ಮಗನ ಮನೆಯಲ್ಲಿದ್ದಾಗ, ಮೊಮ್ಮಗನ ಒತ್ತಾಯಕ್ಕೆ ನಾನು ಆ ಸಮ್ಮೇಳನಕ್ಕೆ ಹೋದದ್ದು. ವಿಶಾಲವಾದ ಅಂಗಳದಲ್ಲಿ ಸಾಲಾಗಿ ಮೇಜುಗಳು; ಒಂದೊಂದರ ಹಿಂದೆ ಒಬ್ಬೊಬ್ಬ ನಟ, ಮುಂದೆ ಪಟಗಳು, ಬೆಲೆಯ ಚೀಟಿ. ಮುಖಕ್ಕೆ ನೆತ್ತರಿನ ಬಣ್ಣ ಬಳಿದುಕೊಂಡ ತಾಯಿಯೊಬ್ಬಳು ಕಂಕುಳಲ್ಲಿದ್ದ ಮಗುವಿಗೆ ಹಾಲೂಡಿಸುತ್ತ ಸಾಲಿನಲ್ಲಿ ನಿಂತಿದ್ದಳು. (ಇಷ್ಟು ಶಿಸ್ತಾದ ಸಾಲನ್ನು ನಾನು ಯಾವ ಸಾಹಿತ್ಯ ಸಮ್ಮೇಳನದ ಊಟದ ಮನೆಯಲ್ಲಿಯೂ ಕಂಡಿಲ್ಲ.) ಯಾವುದೋ ಹಳೆಯ ಚಿತ್ರದಲ್ಲಿ ಐದು ನಿಮಿಷ ಪ್ರೇತವಾಗಿದ್ದ ವೃದ್ಧನೊಬ್ಬನು ನಮ್ಮ ಹುಡುಗನ ಹೆಸರನ್ನು ಕೇಳಿ, ಅಕ್ಷರಗಳನ್ನು ಮತ್ತೆ ಕೇಳಿ ತಿದ್ದಿಕೊಂಡು, ನಡುಗುವ ಕೈಯಿಂದ ಪಟದ ಮೇಲೆ ಬರೆದುಕೊಟ್ಟನು. ಹುಡುಗನು ಹಣವನ್ನಿತ್ತನು. ಇದರಲ್ಲಿ ಹೀನವಾದದ್ದು ಯಾವುದು?

ಆ ಹಣದ ಹಿಂದೆ ಇರುವ ನ್ಯಾಯವನ್ನರಿಯಲು ಒಂದು ಚಿತ್ರದ ಚರಿತ್ರೆ ಸಾಕು. ಪಿಟ್ಸ್‌ಬರ್ಗ್ ನಗರದ ಜಾರ್ಜ್ ರೊಮೆರೊ ಮತ್ತು ಆತನ ಗೆಳೆಯರು ಸುಮಾರು 1,14,000 ಡಾಲರುಗಳಲ್ಲಿ ತೆಗೆದ ‘ನೈಟ್ ಆಫ್ ದ ಲಿವಿಂಗ್ ಡೆಡ್’ 1968ರಲ್ಲಿ ತೆರೆಗೆ ಬಂದಿತು. ಮೊದಲು ಅದಕ್ಕೆ ಬೇರೆ ಹೆಸರಿದ್ದಿತು. ವಿತರಕರು ಹೆಸರನ್ನು ಬದಲಾಯಿಸಿದಾಗ, ಹಳೆಯ ಹೆಸರಿನೊಂದಿಗೆ ಅಚ್ಚಾಗಿದ್ದ ಕೃತಿಸ್ವಾಮ್ಯದ ಸೂಚನೆಯೂ ಅಳಿಸಿಹೋಯಿತು. ಸೂಚನೆಯಿಲ್ಲದೆ ಪ್ರಕಟವಾದ ಕೃತಿಗೆ ಅಂದಿನ ಅಮೆರಿಕದ ಕಾಯಿದೆಯಲ್ಲಿ ರಕ್ಷಣೆಯಿಲ್ಲ. ಆ ನಿರ್ಬಂಧವು ಪೂರ್ತಿಯಾಗಿ ತೊಲಗಿದ್ದು 1989ರಲ್ಲಿ. ಹೀಗೆ ಒಂದು ಸಾಲು ಬಿಟ್ಟುಹೋದ ಮಾತ್ರಕ್ಕೆ ಆ ಚಿತ್ರವು ಸರ್ವರ ಸೊತ್ತಾಯಿತು. ಯಾರು ಬೇಕಾದರೂ ಪ್ರತಿ ತೆಗೆದರು, ಮಾರಿದರು, ಲಾಭ ಉಂಡರು. ಹೆತ್ತವರಿಗೆ ನ್ಯಾಯವಾಗಿ ಸೇರಬೇಕಾದದ್ದು ಸೇರಲಿಲ್ಲ. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ದಾಖಲೆಯಲ್ಲಿ ಅದಕ್ಕೆ ಸ್ಥಾನವಿತ್ತರು. ಗೌರವವೇನೋ ಹೌದು. ಗೌರವದಿಂದ ಒಲೆ ಉರಿಯುವುದಿಲ್ಲವೆಂಬುದನ್ನು ನಿವೃತ್ತ ಉಪಾಧ್ಯಾಯನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಚಿತ್ರದ ಆರಂಭದ ಸ್ಮಶಾನದೃಶ್ಯದ ಪ್ರೇತವಾಗಿದ್ದ ಬಿಲ್ ಹಿಂಜ್‌ಮನ್ 2012ರಲ್ಲಿ ತೀರಿಕೊಂಡನು. ಅದಕ್ಕೆ ಮುನ್ನ ಹಲವು ವರ್ಷ ಇಂಥ ಸಮ್ಮೇಳನಗಳಲ್ಲಿ ಅಭಿಮಾನಿಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಆ ದೃಶ್ಯವನ್ನು ತೆಗೆದ ಇವಾನ್ಸ್ ಸಿಟಿಯ ಸ್ಮಶಾನದ ಚಿಕ್ಕ ಪ್ರಾರ್ಥನಾಮಂದಿರವು ಶಿಥಿಲವಾಗಿ ಕೆಡಹುವ ಮಾತು ಬಂದಾಗ, ವಂತಿಗೆ ಕೂಡಿಸಿ ಉಳಿಸಿಕೊಂಡವರೂ ಈ ಅಭಿಮಾನಿಗಳೇ. ಕಾಯಿದೆ ಕೊಡದೆ ಹೋದದ್ದನ್ನು ಸಹೃದಯನು ತನ್ನ ಕೈಯಾರೆ ಕೊಡುತ್ತಾನೆ. ಇದು ಸಂತೆಯಾದರೆ ಇಂಥ ಸಂತೆ ನಮ್ಮಲ್ಲಿಯೂ ನೆರೆಯಲಿ. ಮುಪ್ಪಿನ ಕಲಾವಿದನಿಗೆ ಒಂದು ಶಾಲು ಹೊದಿಸಿ, ಹಣ್ಣಿನ ತಟ್ಟೆಯನ್ನಿತ್ತು, ಬಸ್ಸಿನ ಖರ್ಚನ್ನು ಕೇಳಲು ಅವನು ಸಂಕೋಚಪಡುವಂತೆ ಮಾಡಿ ಕಳುಹಿಸುವ ನಮಗೆ ಅವರನ್ನು ಹಳಿಯುವ ಯೋಗ್ಯತೆ ಎಲ್ಲಿಂದ ಬಂದಿತು? ಐಶ್ವರ್ಯವಂತರಾದ ನಟರೂ ಅಲ್ಲಿ ಬೆಲೆ ಕೇಳುತ್ತಾರಲ್ಲವೆ ಎಂದರೆ, ಹೌದು. ಅವರ ಪರವಾಗಿ ವಾದಿಸುವ ಹೊಣೆ ನನ್ನದಲ್ಲ.

ಇನ್ನೊಂದನ್ನು ಮರೆಮಾಚಲಾರೆ. ಒಂದು ಅಂಗಡಿಯಲ್ಲಿ ಲೋಕದಲ್ಲಿ ನಿಜವಾಗಿ ಕೊಲೆಗಳನ್ನು ಮಾಡಿದವರ ಮುಖಗಳನ್ನು ಅಚ್ಚೊತ್ತಿದ ಅಂಗಿಗಳನ್ನು ಮಾರುತ್ತಿದ್ದರು. ಅಲ್ಲಿ ನನಗೆ ಹೇಸಿಗೆಯಾಯಿತು. ಕಲ್ಪಿತವಾದ ಪಿಶಾಚದಿಂದ ಹುಟ್ಟುವುದು ರಸ. ಮಕ್ಕಳನ್ನು ಕಳೆದುಕೊಂಡು ಇನ್ನೂ ಅಳುತ್ತಿರುವ ಮನೆಗಳಿರುವಾಗ ಆ ಘಾತುಕರ ಮುಖವನ್ನು ಎದೆಯ ಮೇಲೆ ಧರಿಸುವುದು ಯಾವ ಶಾಸ್ತ್ರದಿಂದಲೂ ರಸವಾಗದು. ಮಿತ್ರರು ಇದನ್ನು ಆಕ್ಷೇಪಿಸಿದ್ದರೆ ಮೊದಲು ತಲೆದೂಗುವವನು ನಾನೇ ಆಗಿದ್ದೆ.

ಮೊಮ್ಮಗನು ನನಗಾಗಿಯೂ ಒಂದು ಪಟಕ್ಕೆ ಆ ವೃದ್ಧನ ಹಸ್ತಾಕ್ಷರವನ್ನು ಹಾಕಿಸಿಕೊಟ್ಟಿದ್ದಾನೆ. ಮುಂದಿನ ಗೋಷ್ಠಿಗೆ ತರುತ್ತೇನೆ. ಮಿತ್ರರು ಮಡಿಯಲ್ಲಿಲ್ಲದಿದ್ದರೆ ಮುಟ್ಟಿ ನೋಡಬಹುದು.