‘ಆರಾಮ ಇರ್ರಿ’ ಎನ್ನುವ ಮುನ್ನ...

ನಮ್ಮ ಭಾಗದ ಹಳೆಯ ಮಾಸ್ತರುಗಳಲ್ಲಿ ಬಹಳ ಮಂದಿಯ ಹುಟ್ಟಿದ ದಿನ ಜೂನ್ 1. ನಿಜವಾಗಿ ಹುಟ್ಟಿದ ದಿನವನ್ನು ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಸಾಲಿಗೆ ಹೆಸರು ಹಚ್ಚುವಾಗ ಗುರುಗಳು ಹಾಕಿದ್ದೇ ದಿನಾಂಕ. ನಮ್ಮಪ್ಪನದೂ ಅದೇ. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಹಾಗಾಗಿ ಕಳೆದ ವರ್ಷ ಮೇ 31ಕ್ಕೆ ಅಪ್ಪನಿಗೆ ಶಾಲು, ಹಾರ ಮತ್ತು ಒಂದು ಗೋಡೆ ಗಡಿಯಾರ ಸಿಕ್ಕಿತು. ಮಸ್ಕಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತಿದ್ದ ಅವರು ಅಂದು ಸಂಜೆ ಸಿಂಧನೂರಿನ ಮನೆಗೆ ಬಂದಾಗ ನಾನು ಹೇಳಿದ ಮೊದಲ ಮಾತು, ‘ಇನ್ನ ಆರಾಮ ಇರ್ರಿ ಅಪ್ಪಾ’.

ಪ್ರೀತಿಯಿಂದಲೇ ಹೇಳಿದ್ದೆ. ಆದರೆ ‘ಇನ್ನು ನಿಮ್ಮಿಂದ ಯಾರಿಗೂ ಏನೂ ಆಗಬೇಕಿಲ್ಲ’ ಎಂಬ ಅರ್ಥವೂ ಆ ಮಾತಿನಲ್ಲಿ ಇರುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಸೆಮಿಸ್ಟರ್ ರಜೆಗೆ ಮನೆಗೆ ಬಂದಾಗ ನೋಡಿದೆ. ಅಪ್ಪ ಎಂದಿನಂತೆ ಆರಕ್ಕೇ ಎದ್ದು, ಗಡ್ಡ ಕೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದರು. ‘ಹೆಂಗೂ ಮನ್ಯಾಗ ಇರ್ತೀರಲ್ಲ’ ಎಂದು ಗ್ಯಾಸ್ ಸಿಲಿಂಡರ್, ಕರೆಂಟ್ ಬಿಲ್, ಪಕ್ಕದ ಮನೆಯವರ ಬ್ಯಾಂಕಿನ ಕೆಲಸ ಎಲ್ಲವೂ ಅವರ ಪಾಲಿಗೆ ಬಂದಿದ್ದವು. ಫೋನಿನಲ್ಲಿ ಹಣ ಕಳಿಸುವುದನ್ನು ಎರಡನೇ ಸಲ ಕೇಳಿದ್ದಕ್ಕೆ, ‘ಮೊನ್ನೆನೇ ಹೇಳಿದ್ನಲ್ಲಪ್ಪಾ’ ಎಂದು ನಾನು ಸಿಡುಕಿದ್ದೆ. ಒಂದೇ ಲೆಕ್ಕವನ್ನು ನಲವತ್ತು ಮಕ್ಕಳಿಗೆ ನಲವತ್ತು ಸಲ ಹೇಳಿಕೊಟ್ಟ ಮನುಷ್ಯ ಅವರು. ಏನೂ ಅನ್ನದೆ ಫೋನು ಕೆಳಗಿಟ್ಟರು.

ಒಂದು ದಿನ ಮಸ್ಕಿಯಲ್ಲಿ ಅಂಗಡಿ ಇಟ್ಟಿರುವ ಅವರ ಹಳೆಯ ವಿದ್ಯಾರ್ಥಿಯೊಬ್ಬರು ನನಗೆ ಫೋನ್ ಮಾಡಿದರು. ‘ಸರ್ ಇಲ್ಲೇ ಅಶೋಕನ ಶಾಸನದ ಗುಡ್ಡದ ಹತ್ರ ಒಬ್ಬರೇ ಕುಂತಾರ. ಹೋದ ವಾರನೂ ಬಂದಿದ್ರು. ಆರಾಮ ಅದಾರಲ್ಲ?’ 1915ರಲ್ಲಿ ಬೆಳಕಿಗೆ ಬಂದ, ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಜಗತ್ತಿಗೆ ತಿಳಿಸಿಕೊಟ್ಟ ಶಾಸನ ಅದು. ಪ್ರತಿ ವರ್ಷ ಅಪ್ಪ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಮನೆಯಲ್ಲಿ ‘ಬ್ಯಾಂಕಿಗೆ ಹೋಗಿ ಬರ್ತೀನಿ’ ಎಂದವರು ಅದೇ ಹಳೆಯ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಸಾಲಿ ಬಿಡುವ ಹೊತ್ತಿಗೆ ವಾಪಸು ಬರುತ್ತಿದ್ದರು.

ಅವರ ಮನಸ್ಸು ಬದಲಾಗಲಿ ಎಂದು ನಾನೇ ಅವರನ್ನು ಲಿಂಗಸುಗೂರಿಗೆ ಸೋದರಮಾವನ ಮನೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ‘ಶಕ್ತಿ’ ಯೋಜನೆಯಲ್ಲಿ ನನ್ನದು ಉಚಿತ ಟಿಕೆಟ್. ಹಿರಿಯ ನಾಗರಿಕರಿಗೆ ಇರುವ ಶೇ 25ರ ರಿಯಾಯಿತಿ ಕೇಳಲು ಅಪ್ಪನಿಗೆ ಸಂಕೋಚ. ಪೂರ್ತಿ ದುಡ್ಡು ಕೊಟ್ಟೇ ಟಿಕೆಟ್ ತೆಗೆದುಕೊಂಡರು.

ಮಾವ ಹಟ್ಟಿ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಲಿಂಗಸುಗೂರಿಗೆ ಬಂದರು. ಮೊದಲ ವರ್ಷ ಬೆಳಗಿನ ಪಾಳಿಯ ಹೊತ್ತಿಗೆ ತಾನಾಗಿಯೇ ಎಚ್ಚರವಾಗಿ ಸುಮ್ಮನೆ ಕೂತಿರುತ್ತಿದ್ದರಂತೆ. ಈಗ ಪರಿಚಯದ ಹುಡುಗನೊಬ್ಬನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ದಿನಾ ಮೂರು ತಾಸು ಕೂರುತ್ತಾರೆ. ಐಟಿಐ ಮುಗಿಸಿದ ಇಬ್ಬರು ಹುಡುಗರು ಅವರ ಶಿಷ್ಯರು. ಸುಟ್ಟ ಮೋಟರ್ ಬಿಚ್ಚಿ ನನ್ನನ್ನೂ ಕರೆದರು. ‘ನೋಡವ್ವಾ, ಎಲ್ಲಾ ಸುರುಳಿ ಒಂದೇ ಸಮ ಕರ್ರಗಾಗಿದ್ರ ಅದು ಓವರ್‌ಲೋಡ್. ಕೆಲವು ಕರ್ರಗ, ಕೆಲವು ಹೊಸದಿದ್ದಂಗ ಇದ್ರ ಒಂದು ಫೇಸ್ ಹೋಗಿತ್ತು ಅಂತ ಅರ್ಥ’. ಎಲೆಕ್ಟ್ರಿಕಲ್ ಬಿಇ ಓದುವ ನಾನು ‘ಸಿಂಗಲ್ ಫೇಸಿಂಗ್’ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಕಣ್ಣಿನಿಂದ ನೋಡಿದ್ದು ಅವತ್ತೇ.

ಮರಳಿ ಬರುವಾಗ ಅಪ್ಪ ಒಂದೇ ಮಾತು ಹೇಳಿದರು: ‘ನಿಮ್ಮ ಮಾವಗ ಕೇಳೋರು ಅದಾರ’.

ನನಗೆ ತಟ್ಟಿದ್ದು ಆ ಮಾತು. ನಮ್ಮ ಮನೆಯ ಮೇಲಿನ ರೂಮಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವ ಮೂವರು ಹುಡುಗರಿದ್ದರು. ಶೇಕಡಾವಾರು, ಕಾಲ ಮತ್ತು ಕೆಲಸದ ಲೆಕ್ಕಗಳಿಗೆ ಯೂಟ್ಯೂಬ್ ನೋಡುತ್ತಿದ್ದರು. ಕೆಳಗೆ ಗಣಿತದ ಮಾಸ್ತರೇ ಇದ್ದರೂ ಕೇಳಲು ಅವರಿಗೆ ಅಂಜಿಕೆ. ತಾನಾಗಿ ಹೋಗಿ ಹೇಳಿಕೊಡಲು ಅಪ್ಪನಿಗೆ ಸಂಕೋಚ. ನಡುವೆ ನಾನು ಮಾಡಿದ್ದು ಇಷ್ಟೇ, ಇಬ್ಬರಿಗೂ ಮಾತು ಮುಟ್ಟಿಸಿದೆ. ಈಗ ಬೆಳಿಗ್ಗೆ ಆರೂವರೆಗೆ ಮಾಳಿಗೆ ಮೇಲೆ ಒಂಬತ್ತು ಮಂದಿ ಕೂರುತ್ತಾರೆ. ಉಡುಗೊರೆ ಬಂದ ಗಡಿಯಾರವೂ ಅಲ್ಲೇ ಮೆಟ್ಟಿಲ ಗೋಡೆಗೆ ತೂಗುತ್ತಿದೆ. ಅದೇ ಹುಡುಗರು ಅಪ್ಪನಿಗೆ ಫೋನಿನಲ್ಲಿ ಹಣ ಕಳಿಸುವುದನ್ನು ಕಲಿಸಿದ್ದಾರೆ, ಸಿಡುಕದೆ.

‘ನಿವೃತ್ತರನ್ನೇ ಮತ್ತೆ ಗುತ್ತಿಗೆ ಮೇಲೆ ತಗೊಂಡ್ರ ನಮಗೆ ನೌಕರಿ ಎಲ್ಲಿಂದ ಬರಬೇಕು?’ ಎಂದು ಗೆಳೆಯರು ಕೇಳುತ್ತಾರೆ. ಅವರ ಸಿಟ್ಟು ನ್ಯಾಯವೇ. ಖಾಲಿ ಹುದ್ದೆ ಯುವಕರದ್ದು, ಅದು ನಮಗೇ ಸಿಗಬೇಕು. ಆದರೆ ಹುದ್ದೆ ಬೇರೆ, ವಿದ್ಯೆ ಬೇರೆ. ಹುದ್ದೆಯನ್ನು ಅವರು ಬಿಟ್ಟುಕೊಟ್ಟಾಯಿತು. ವಿದ್ಯೆಯನ್ನು ನಾವು ಕೇಳಿ ಪಡೆಯದಿದ್ದರೆ ನಷ್ಟ ನಮಗೇ.

ಇನ್ನೂ ಒಂದು ಮಾತಿದೆ. ನಿವೃತ್ತಿ ಎಂಬುದೇ ಎಲ್ಲರಿಗೂ ಸಿಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಿಂಧನೂರಿನ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ಭತ್ತ ನಾಟಿ ಮಾಡುವವರಲ್ಲಿ ಅಪ್ಪನ ವಯಸ್ಸಿನ ಹೆಣ್ಣುಮಕ್ಕಳೂ ಇದ್ದಾರೆ. ಅವರಿಗೆ ಹಾರವೂ ಇಲ್ಲ, ಗಡಿಯಾರವೂ ಇಲ್ಲ. ನಮ್ಮ ಮನೆಯಲ್ಲೇ ಅಪ್ಪ ನಿವೃತ್ತರಾದ ಮೇಲೆ ಅಮ್ಮನಿಗೆ ಮಧ್ಯಾಹ್ನದ ಒಂದು ಅಡುಗೆ, ಎರಡು ಸಲದ ಚಹಾ ಹೆಚ್ಚಾದವು. ‘ನನ್ನ ರಿಟೈರ್‌ಮೆಂಟ್ ಯಾವಾಗ?’ ಎಂದು ಅಮ್ಮ ನಗುತ್ತಲೇ ಕೇಳಿದಳು. ಅವತ್ತಿನಿಂದ ಸಂಜೆಯ ಚಹಾ ಅಪ್ಪನದು. ಸಕ್ಕರೆ ಸ್ವಲ್ಪ ಜಾಸ್ತಿ, ಆದರೂ ಕುಡಿಯುತ್ತೇವೆ. ನಿವೃತ್ತಿಯ ಸುಖ ಒಬ್ಬರಿಗೇ ಸಿಕ್ಕರೆ ಅದು ಅರ್ಧ ಸುಖ.

ನಾವೆಲ್ಲ ಈಗ ನೌಕರಿಯ ಅರ್ಜಿ ತುಂಬುವ ವಯಸ್ಸಿನವರು. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ ಎಂಬ ಚಿಂತೆ ಈಗಲೇ ಮಾಡುತ್ತೇವೆ. ಹಣದ ಚಿಂತೆ ಇರಲಿ. ಅದರ ಜೊತೆಗೆ ನೌಕರಿ ಹೋದ ಮೇಲೂ ಕೈಯಲ್ಲಿ ಉಳಿಯುವ ವಿದ್ಯೆ ಯಾವುದು, ನಮ್ಮನ್ನು ಕೇಳುವವರು ಯಾರು ಎಂದೂ ಒಮ್ಮೆ ಯೋಚಿಸೋಣ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ನಿವೃತ್ತರೊಬ್ಬರು ಇಸ್ತ್ರಿ ಅಂಗಿ ಹಾಕಿಕೊಂಡು ಸುಮ್ಮನೆ ಕೂತಿರಬಹುದು. ‘ಆರಾಮ ಇರ್ರಿ’ ಎನ್ನಬೇಡಿ. ‘ನನಗೆ ಇದೊಂದು ಹೇಳಿಕೊಡ್ರಿ’ ಎಂದು ಪಕ್ಕದಲ್ಲಿ ಹೋಗಿ ಕೂಡ್ರಿ.