ಎಲ್ಲ ಹೆಂಡಿರೂ ಮಾಡುವ ಕೆಲಸ

ಹೆಂಡತಿಯ ದುಡಿಮೆ ಬೆಲೆಗೆ ಮೀರಿದ್ದು, ಅದಕ್ಕೆ ಲೆಕ್ಕ ಹಚ್ಚಬಾರದು ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಮಾತೇನೋ ಮಧುರವಾಗಿದೆ. ಆದರೆ ಆಸ್ತಿ ಹಂಚುವ ದಿನ ಈ ಮಾತಿನ ಬಣ್ಣ ಹೇಗೆ ಬಯಲಾಗುತ್ತದೆ ಎಂಬುದಕ್ಕೆ ಕೆನಡಾ ದೇಶದ ಒಂದು ಮೊಕದ್ದಮೆ ಸಾಕು.

ಅಲ್ಲಿನ ಆಲ್ಬರ್ಟಾ ಪ್ರಾಂತ್ಯದಲ್ಲಿ ವಿಶಾಲವಾದ ಹುಲ್ಲುಗಾವಲುಗಳಲ್ಲಿ ದನಗಳ ಹಿಂಡು ಸಾಕುವ ಒಕ್ಕಲುತನವುಂಟು. ಅದಕ್ಕೆ ರಾಂಚ್ ಎಂದು ಹೆಸರು. ರಾಂಚಿನ ಗೃಹಿಣಿಗೆ ಅಡಿಗೆಮನೆಯ ಹೊಸ್ತಿಲೇ ಗಡಿಯಲ್ಲ. ಹಿಮ ಬೀಳುವ ರಾತ್ರಿ ಈಯುವ ಹಸುವನ್ನು ಕಾಯುವವಳು ಆಕೆ. ಚಳಿಗೆ ಸೆಟೆದ ಕರುವನ್ನು ಮನೆಯೊಳಗೆ ತಂದು ಬೆಚ್ಚಗಿಟ್ಟು, ಬೆಳಗಾದೊಡನೆ ಮಕ್ಕಳಿಗೆ ಬುತ್ತಿ ಕಟ್ಟಿ ದೂರದ ಶಾಲೆಗೆ ಕಳುಹಿಸುವವಳೂ ಆಕೆಯೇ.

ಐರೀನ್ ಮರ್ಡಾಕ್ ಇಂಥವರಲ್ಲೊಬ್ಬಳು. 1943ರಲ್ಲಿ ಮದುವೆಯಾದ ಆಕೆ ಗಂಡನೊಡನೆ ಮೊದಲು ಪರರ ರಾಂಚುಗಳಲ್ಲಿ ಕೂಲಿಗೆ ದುಡಿದಳು. ಮುಂದೆ ಸ್ವಂತ ನೆಲವಾಯಿತು. ಗಂಡ ಹೊರಗಿನ ಕೆಲಸಕ್ಕೆಂದು ವರ್ಷಕ್ಕೆ ಐದು ತಿಂಗಳು ಮನೆಯಲ್ಲಿರುತ್ತಿರಲಿಲ್ಲ. ಆಕೆ ಹುಲ್ಲು ಕೊಯ್ದಳು. ಟ್ರಾಕ್ಟರು, ಲಾರಿ ನಡೆಸಿದಳು. ದನಗಳ ಕೊಂಬು ತೆಗೆದು, ಲಸಿಕೆ ಹಾಕಿ, ಗುರುತಿನ ಬರೆ ಇಟ್ಟಳು. 1968ರಲ್ಲಿ ಸಂಸಾರ ಒಡೆಯಿತು. ಆಸ್ತಿಯೆಲ್ಲ ಗಂಡನ ಹೆಸರಿನಲ್ಲಿತ್ತು. ಆಕೆ ಪಾಲು ಕೇಳಿ ನ್ಯಾಯಾಲಯದ ಮೆಟ್ಟಿಲೇರಿದಳು.

ಸಿಕ್ಕ ಉತ್ತರವೇನು? ರಾಂಚಿನ ಹೆಂಡತಿಯರೆಲ್ಲರೂ ಇಷ್ಟು ಕೆಲಸ ಮಾಡುವವರೇ. ಅದರಿಂದ ಪಾಲು ಹುಟ್ಟುವುದಿಲ್ಲ! 1973ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಮೂರ್ತಿಗಳು ಇದನ್ನೇ ಎತ್ತಿಹಿಡಿದರು. ಬೋರಾ ಲಾಸ್ಕಿನ್ ಒಬ್ಬರೇ ಭಿನ್ನಮತ ಬರೆದರು.

ಈ ತರ್ಕವನ್ನು ಸ್ವಲ್ಪ ಪರೀಕ್ಷಿಸೋಣ. ಎಲ್ಲ ಕೂಲಿಕಾರರೂ ಅಗೆಯುತ್ತಾರೆಂದು ಯಾರಾದರೂ ಒಬ್ಬನ ಕೂಲಿಯನ್ನು ತಡೆದಾರೆಯೇ? ಪರರ ರಾಂಚಿನಲ್ಲಿ ದುಡಿದಾಗ ಸಂಬಳಕ್ಕೆ ಯೋಗ್ಯವಾಗಿದ್ದ ಅದೇ ಕೈ, ತನ್ನ ರಾಂಚಿನಲ್ಲಿ ದುಡಿದೊಡನೆ ಶೂನ್ಯಕ್ಕಿಳಿಯಿತೇ? ಒಬ್ಬಳು ದುಡಿದರೆ ದುಡಿಮೆ, ಲಕ್ಷ ಮಂದಿ ದುಡಿದರೆ ವಾಡಿಕೆ ಎಂಬುದು ಯಾವ ಊರಿನ ನ್ಯಾಯ?

ಆಕೆಗೆ ಅನ್ನ, ಬಟ್ಟೆ, ಆಶ್ರಯ ದೊರೆತಿತ್ತಲ್ಲ ಎನ್ನಬಹುದು. ಮೇವೂ ಕೊಟ್ಟಿಗೆಯೂ ದನಗಳಿಗೂ ದೊರೆತಿದ್ದವು. ದಾಂಪತ್ಯ ವ್ಯಾಪಾರವಲ್ಲ ಎಂದೂ ಹೇಳಬಹುದು. ಹಾಗಾದರೆ ಲಾಭವೆಲ್ಲ ಒಬ್ಬನ ಖಾತೆಗೇ ಜಮೆಯಾದದ್ದು ಹೇಗೆ?

ಈ ತೀರ್ಪಿನಿಂದ ಕೆನಡಾದ ಹೆಂಗಸರು ಕೆರಳಿದರು. 1978ರಲ್ಲಿ ಆಲ್ಬರ್ಟಾ ಪ್ರಾಂತ್ಯವೇ ದಂಪತಿಗಳ ಆಸ್ತಿಯನ್ನು ಕುರಿತು ಹೊಸ ಕಾನೂನು ಮಾಡಬೇಕಾಯಿತು. ಐರೀನ್ ಸೋತ ವ್ಯಾಜ್ಯದಿಂದ ಮುಂದಿನ ಸೊಸೆಯಂದಿರು ಗೆದ್ದರು.

ನಮ್ಮ ಮಾತೇನು? ಗಂಡ ಸತ್ತರೆ ವಿಧವೆಗೆ ಪಾಲುಂಟೆಂದು 1956ರ ಹಿಂದೂ ಉತ್ತರಾಧಿಕಾರ ಕಾನೂನು ಹೇಳುತ್ತದೆ. ಬದುಕಿರುವಾಗಲೇ ಬೇರ್ಪಟ್ಟರೆ? ಗೋವೆ, ದಮನ್, ದಿಯುಗಳನ್ನು ಬಿಟ್ಟರೆ, ದಾಂಪತ್ಯದಲ್ಲಿ ಬೆಳೆದ ಆಸ್ತಿ ಇಬ್ಬರದೂ ಹೌದೆನ್ನುವ ಸಾಮಾನ್ಯ ಕಾನೂನು ಈ ದೇಶದಲ್ಲಿಲ್ಲ, ಜೀವನಾಂಶವೊಂದೇ ಗತಿ. ಹಟ್ಟಿ ಬಳಿದು, ಹಾಲು ಕರೆದು, ಕಳೆ ಕಿತ್ತವಳಿಗೂ ಅಷ್ಟೇ. ಪಟ್ಟಣದ ಮನೆಯ ಕಂತು ಕಟ್ಟಲೆಂದು ಕಾಸಿಗೆ ಕಾಸು ಕೂಡಿಸಿದವಳಿಗೂ ಅಷ್ಟೇ.

ಉಳುವವನೇ ಹೊಲದೊಡೆಯ ಎಂದು ಸಾರಿ, 1974ರಲ್ಲಿ ಗೇಣಿ ಪದ್ಧತಿಯನ್ನೇ ಕಿತ್ತೊಗೆಯಹೊರಟ ನಾಡು ನಮ್ಮದು. ದುಡಿದ ಗೇಣಿದಾರನಿಗೆ ಒಪ್ಪಿದ ನ್ಯಾಯ ದುಡಿದ ಹೆಂಡತಿಗೇಕೆ ಒಪ್ಪದು? ದಾಂಪತ್ಯದ ಗಳಿಕೆಯಲ್ಲಿ ಅರ್ಧ ಆಕೆಯದೆಂದು ಶಾಸನಸಭೆ ಬರೆಯಲಿ. ಅಲ್ಲಿಯವರೆಗೆ ಗೃಹಲಕ್ಷ್ಮಿ ಎಂಬ ಬಿರುದನ್ನು ನಾವು ನಮ್ಮಲ್ಲೇ ಇಟ್ಟುಕೊಳ್ಳುವುದು ಮರ್ಯಾದೆ.